ಅಪ್‌ಡೇಟ್: ಟ್ರಿನಿಡಾಡ್‌ನಲ್ಲಿ ತರಕಾರಿ ಖರ್ಚು ಹತೋಟಿಗೆ ಬಂತು

ಮನೆಯವರ ಕೆಲಸದ ಮೇಲೆ ಕೆಲವು ತಿಂಗಳು ಕೆರಿಬಿಯನ್ ದ್ವೀಪ ಟ್ರಿನಿಡಾಡ್‌ನಲ್ಲಿದ್ದೇವೆ, ಸೂಪರ್‌ಮಾರ್ಕೆಟ್ ಬೆಲೆ ಕೈ ಸುಡುತ್ತಿದೆ, ಏನು ಮಾಡಲಿ ಎಂದು ಕೇಳಿದ್ದೆ. ಮಾರ್ಕೆಟ್‌ಗೆ ಹೋಗಿ ಎಂದವರಿಗೆಲ್ಲ ತುಂಬಾ ಥ್ಯಾಂಕ್ಸ್. ಖರ್ಚು ನಿಜವಾಗಿಯೂ ಇಳಿದಿದೆ.

ಈಗ ಶನಿವಾರ ಬೆಳಿಗ್ಗೆ ಬೇಗ ಚಗ್ವಾನಾಸ್ ಮಾರ್ಕೆಟ್‌ಗೆ ಹೋಗುತ್ತೇವೆ. 1845ರಿಂದ ಕಬ್ಬಿನ ತೋಟಕ್ಕೆ ಬಂದ ಭಾರತೀಯರ ವಂಶದವರು ಜಾಸ್ತಿ ಇರುವ ಊರು ಇದು. ಹಾಗಾಗಿ ನಮಗೆ ಬೇಕಾದ್ದೆಲ್ಲ ಇದೆ. ಬೋಡಿ ಎಂದರೆ ಉದ್ದ ಅಲಸಂದೆ, ಕಟ್ಟಿನ ಲೆಕ್ಕ. ಕರೈಲಿ ಎಂದರೆ ಹಾಗಲಕಾಯಿ. ಬೆಂಡೆ, ಕುಂಬಳ, ಸೀಮೆಬದನೆ ಕೂಡ ಸಿಗುತ್ತವೆ. ಬೆಲೆ ಪೌಂಡ್ ಲೆಕ್ಕದಲ್ಲಿ ಬರೆದಿರುತ್ತಾರೆ, ಅಂದರೆ ಸುಮಾರು 450 ಗ್ರಾಂ. ಕಿಲೋ ಎಂದುಕೊಂಡು ಹೋಲಿಸಬೇಡಿ.

ನನಗೆ ಅತಿ ಖುಷಿ ಕೊಟ್ಟಿದ್ದು ಕೆಸುವಿನ ಎಲೆ. ಇಲ್ಲಿ ದಶೀನ್ ಬುಷ್ ಎನ್ನುತ್ತಾರೆ, ಕಲಲೂ ಎಂಬ ಇಲ್ಲಿನ ಸೊಪ್ಪಿನ ಅಡುಗೆ ಮಾಡಲು ಎಲ್ಲರೂ ಒಯ್ಯುತ್ತಾರೆ. ಇನ್ನೂ ಸುರುಳಿ ಬಿಚ್ಚದ ಎಳೆ ಎಲೆ ಆರಿಸಿ, ದಂಟಿನ ನಾರು ತೆಗೆದು, ಹುಣಸೆಹಣ್ಣು ಹಾಕಿ ಬೇಯಿಸಿದೆ. ತುರಿಕೆ ಇಲ್ಲ. ದೊಡ್ಡ ಎಲೆ ಸಿಕ್ಕ ದಿನ ಪತ್ರೊಡೆಯೂ ಆಯಿತು! ಕೊತ್ತಂಬರಿ ಬದಲು ಅದೇ ಪರಿಮಳದ ಶಾಡೋ ಬೆನಿ ಸೊಪ್ಪು ಹಾಕಿ. ಘಾಟು ಜಾಸ್ತಿ, ನಾಲ್ಕೈದು ಎಲೆ ಸಾಕು.

ಸೇಬು, ದ್ರಾಕ್ಷಿ ಬಿಟ್ಟಿದ್ದೇವೆ. ಹೊರಗಿನಿಂದ ಬರುವ ಹಣ್ಣು, ದುಬಾರಿಯೇ ಅಲ್ವಾ? ಪಪಾಯ, ಬಾಳೆಹಣ್ಣು ತರುತ್ತೇವೆ. ಜೂನ್‌ನಿಂದ ಡಿಸೆಂಬರ್‌ವರೆಗೆ ಇಲ್ಲಿ ಮಳೆಗಾಲ. ಗದ್ದೆಗೆ ನೀರು ನುಗ್ಗಿದರೆ ಟೊಮೆಟೊ ಬೆಲೆ ಏರುತ್ತದೆ. ಆಗ ಸಾರಿಗೆ ಹುಣಸೆಹಣ್ಣೇ ಗತಿ.