ಬೀಜ ಮಸೂದೆಯ ಕರಡು: ರೈತನ ಮೇಲ್ಮನವಿಯ ಬಗ್ಗೆ ಏನು ಬರೆದುಕೊಡೋಣ?

ಎಲ್ಲರಿಗೂ ಶರಣು. ನಾವು ಸಿಂಧನೂರು ತಾಲ್ಲೂಕಿನ ಒಂದೇ ಊರಿನ ಹನ್ನೊಂದು ಮಂದಿ ರೈತರು. ಕೇಂದ್ರ ಕೃಷಿ ಸಚಿವಾಲಯವು 2025ರ ನವೆಂಬರ್‌ನಲ್ಲಿ ಹೊಸ ಬೀಜ ಮಸೂದೆಯ ಕರಡನ್ನು ಹೊರಡಿಸಿ, ಅದೇ ವರ್ಷದ ಡಿಸೆಂಬರ್ 11ರೊಳಗೆ ಸಾರ್ವಜನಿಕರ ಅಭಿಪ್ರಾಯ ಕೇಳಿತ್ತು. 1966ರ ಬೀಜ ಕಾಯ್ದೆ ಮತ್ತು 1983ರ ಬೀಜ ನಿಯಂತ್ರಣ ಆದೇಶ ಎರಡರ ಜಾಗಕ್ಕೂ ಇದೇ ಬರಲಿದೆಯಂತೆ. ನಮ್ಮ ಅಭಿಪ್ರಾಯವನ್ನು ಸಚಿವಾಲಯಕ್ಕೆ ಕಳಿಸುವುದಲ್ಲದೆ, ಮಸೂದೆ ಸದನಕ್ಕೆ ಬಂದಾಗ ಮಾತನಾಡಲೆಂದು ಸಂಸದರ ಕೈಗೂ ಒಂದು ಪ್ರತಿ ಕೊಡಬೇಕೆಂದಿದ್ದೇವೆ. ದಂಡ ಎಷ್ಟಿರಬೇಕು ಎಂಬ ಚರ್ಚೆ ನಮ್ಮಲ್ಲಿ ಒಂದೇ ಸಂಜೆಗೆ ಮುಗಿಯಿತು. ಆದರೆ ಕಳಪೆ ಬೀಜದಿಂದ ಬೆಳೆ ಕೆಟ್ಟ ರೈತನು, ಹೊಲ ನೋಡಿದ ಅಧಿಕಾರಿಗಳ ವರದಿಯನ್ನು ಒಪ್ಪದಿದ್ದರೆ ಯಾರ ಮುಂದೆ, ಎಷ್ಟು ದಿನದೊಳಗೆ ಮೇಲ್ಮನವಿ ಸಲ್ಲಿಸಬೇಕು ಎಂದು ಒಬ್ಬರು ಕೇಳಿದಾಗ ಎಲ್ಲರೂ ಸುಮ್ಮನಾದೆವು. ಬೀಜವಿರಲಿ, ಪಹಣಿಯಿರಲಿ, ಭತ್ತದ ಬಾಕಿಯಿರಲಿ, ಮೇಲಿನ ಅಧಿಕಾರಿಯ ತನಕ ಹೋಗಿ ಬಂದವರು ತಮ್ಮ ಅನುಭವ ತಿಳಿಸಿದರೆ ಅದರ ಆಧಾರದ ಮೇಲೆ ಬರೆಯುತ್ತೇವೆ.

ಸಿರುಗುಪ್ಪ ತಾಲ್ಲೂಕಿನ ಮೆಣಸಿನಕಾಯಿ ಬೆಳೆಗಾರ

ತಮ್ಮಂದಿರೇ, ನಾನು ನಾಲ್ಕು ವರ್ಷ ಅಲೆದವನು, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

2021ರ ಮುಂಗಾರಿನಲ್ಲಿ ಮೂರು ಎಕರೆ ಎರೆ ಹೊಲಕ್ಕೆ ಹೈಬ್ರಿಡ್ ಮೆಣಸಿನಕಾಯಿ ಸಸಿ ನಾಟಿ ಮಾಡಿದ್ದೆ. ಗಿಡಗಳೇನೋ ಹುಲುಸಾಗಿ ಬಂದವು. ಕಾಯಿ ಕಟ್ಟಿದ ಮೇಲೆ ನೋಡಿದರೆ, ಒಂದೇ ಸಾಲಿನಲ್ಲಿ ಒಂದು ಗಿಡದ ಕಾಯಿ ಗೇಣುದ್ದ ಸುಕ್ಕುಗಟ್ಟಿಕೊಂಡಿದ್ದರೆ ಅದರ ಪಕ್ಕದ ಗಿಡದ್ದು ಹೆಬ್ಬೆರಳಿನಷ್ಟು ಮೋಟಾಗಿ ನುಣ್ಣಗಿತ್ತು. ರೈತ ಸಂಪರ್ಕ ಕೇಂದ್ರಕ್ಕೆ ಹೋದೆ. ಮೆಣಸಿನಕಾಯಿ ತೋಟಗಾರಿಕೆಗೆ ಸೇರಿದ್ದು, ಅಲ್ಲಿಗೆ ಹೋಗಿ ಎಂದರು. ತೋಟಗಾರಿಕೆಯವರು ಅರ್ಜಿ ತೆಗೆದುಕೊಂಡರೇ ಹೊರತು ಸ್ವೀಕೃತಿ ಕೊಡಲಿಲ್ಲ. ಕೇಳಬೇಕೆಂದು ನನಗೂ ಹೊಳೆಯಲಿಲ್ಲ. ತಂಡ ಹೊಲಕ್ಕೆ ಬರುವ ಹೊತ್ತಿಗೆ ಮೂರು ವಾರ ಕಳೆದು ಎರಡು ಬಿಡಿಸುವಿಕೆ ಮುಗಿದಿತ್ತು. ಬಂದವರು ಗಿಡ ಎಣಿಸಿದರು, ಫೋಟೋ ತೆಗೆದುಕೊಂಡರು, ನನ್ನಿಂದ ಸಹಿ ಹಾಕಿಸಿಕೊಂಡರು. ವರದಿಯ ನಕಲು ಕೇಳಿದರೆ ಮೇಲಿನ ಕಚೇರಿಗೆ ಕಳಿಸಿದ್ದೇವೆ ಎಂಬುದಷ್ಟೇ ಉತ್ತರ. ಕೊನೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಪಡೆದಾಗ, ಕಲಬೆರಕೆ ಕಂಡುಬಂದಿದೆ, ಹವಾಮಾನ ವೈಪರೀತ್ಯವೂ ಕಾರಣವಿರಬಹುದು ಎಂದು ಎರಡು ದೋಣಿಯಲ್ಲಿ ಕಾಲಿಟ್ಟಂತೆ ಬರೆದಿತ್ತು.

ಇದರ ಮೇಲೆ ಎಲ್ಲಿ ಅಪೀಲು ಹೋಗಬೇಕು ಎಂದು ಆ ಕಚೇರಿಯಲ್ಲೇ ಕೇಳಿದೆ. ಅಲ್ಲಿದ್ದ ಹಿರಿಯರೊಬ್ಬರು ಸಮಾಧಾನವಾಗಿಯೇ ಹೇಳಿದರು: ‘ಯಜಮಾನರೇ, ಇದು ವರದಿ, ಆದೇಶವಲ್ಲ. ವರದಿಯ ಮೇಲೆ ಅಪೀಲು ಇರುವುದಿಲ್ಲ.’ ಅವರ ಮಾತು ಸರಿಯಾಗಿಯೇ ಇತ್ತು. 1966ರ ಕಾಯ್ದೆಯಲ್ಲಿ ಮೇಲ್ಮನವಿ ಇರುವುದು 11ನೇ ಕಲಮಿನಲ್ಲಿ. ಅದು ಬೀಜ ಪ್ರಮಾಣೀಕರಣದ ವಿಷಯದಲ್ಲಿ ಏಜೆನ್ಸಿಯ ತೀರ್ಮಾನದಿಂದ ಬಾಧಿತರಾದವರಿಗೆ. 1983ರ ನಿಯಂತ್ರಣ ಆದೇಶದ ಪ್ರಕಾರ ಲೈಸೆನ್ಸ್ ಅಮಾನತ್ತಾದ ಅಥವಾ ರದ್ದಾದ ಅಂಗಡಿಯವನು 60 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು. ನನಗೆ ಬೀಜ ಮಾರಿದ ಅಂಗಡಿಯ ಲೈಸೆನ್ಸ್ ಅಮಾನತ್ತಾಯಿತು, ಅಂಗಡಿಯವರು ಮೇಲ್ಮನವಿ ಹೋಗಿ ಅದನ್ನು ಬಿಡಿಸಿಕೊಂಡೂ ಬಂದರು. ಅದು ನನಗೆ ತಿಳಿದದ್ದು ಅಂಗಡಿಯ ಬಾಗಿಲು ತೆರೆದ ದಿನ. ನನ್ನ ಹೊಲದ ಮೇಲೆ ನಡೆದ ವ್ಯಾಜ್ಯದಲ್ಲಿ ನಾನು ಪಕ್ಷಗಾರನೇ ಆಗಿರಲಿಲ್ಲ. ನಿಮ್ಮ ಮನವಿಯ ಮೊದಲ ಪುಟದಲ್ಲಿ ಬೇರೇನನ್ನೂ ಬರೆಯದೆ ಇದನ್ನೇ ಬರೆದರೂ ಸಾಕೆಂದು ನನ್ನ ಅಭಿಪ್ರಾಯ.

ನನಗೆ ಕೊನೆಗೆ ದಾರಿಯಾದದ್ದು ಜಿಲ್ಲಾ ಗ್ರಾಹಕರ ಆಯೋಗ. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟು 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಹೇಳಿದೆ. ಬೀಜವನ್ನು ಪ್ರಯೋಗಾಲಯಕ್ಕೆ ಕಳಿಸಿಲ್ಲವಲ್ಲ ಎಂದು ಕಂಪನಿಯ ವಕೀಲರು ಹಿಡಿದರು. ಅದಕ್ಕೂ ಆ ತೀರ್ಪಿನಲ್ಲೇ ಉತ್ತರವಿತ್ತು: ರೈತ ಕೊಂಡ ಬೀಜವನ್ನೆಲ್ಲ ಬಿತ್ತಿಬಿಡುತ್ತಾನೆ, ಪರೀಕ್ಷೆಗೆಂದು ಉಳಿಸಿಕೊಳ್ಳುತ್ತಾನೆಂದು ನಿರೀಕ್ಷಿಸುವಂತಿಲ್ಲ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಲ್ಲಿ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಕೊಂಡ ಸರಕಿನ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಈ ಎರಡು ಸೌಲಭ್ಯ ಇಲ್ಲದಿದ್ದರೆ ನಾನು ಕೈ ಚೆಲ್ಲುತ್ತಿದ್ದೆ.

ಅಲ್ಲಿಯೂ ನನ್ನನ್ನು ಉಳಿಸಿದ್ದು ಖಾಲಿ ಪ್ಯಾಕೆಟ್ಟುಗಳು. ಬೀಜವನ್ನು ಉದ್ದರಿ ತಂದಿದ್ದರಿಂದ ಅಂಗಡಿಯವರು ಬರಿಯ ಚೀಟಿ ಕೊಟ್ಟಿದ್ದರು. ನಗದಾಗಲಿ ಉದ್ದರಿಯಾಗಲಿ ಬಿಲ್ಲು ಕೊಡಲೇಬೇಕೆಂದು ನಿಯಂತ್ರಣ ಆದೇಶದಲ್ಲಿದ್ದರೂ ಉದ್ದರಿ ಕೇಳುವವನು ಬಿಲ್ಲನ್ನೂ ಕೇಳುವ ಧೈರ್ಯ ಮಾಡುವುದಿಲ್ಲ. ನಮ್ಮ ಮನೆಯಾಕೆ ಪ್ಯಾಕೆಟ್ಟುಗಳನ್ನು ಮಡಚಿ ದನದ ಕೊಟ್ಟಿಗೆಯ ಗೂಡಿನಲ್ಲಿ ತುರುಕಿಟ್ಟಿದ್ದಳು. ಹೊರಗಿನ ಎರಡರ ಅಕ್ಷರ ತೇವಕ್ಕೆ ಅಳಿಸಿಹೋಗಿತ್ತು. ಒಳಗಿನದರಲ್ಲಿ ಲಾಟ್ ನಂಬರ್ ಉಳಿದಿತ್ತು. ಆ ನಂಬರನ್ನು ಅಂಗಡಿಯ ಸ್ಟಾಕ್ ಪುಸ್ತಕಕ್ಕೆ ತಾಳೆ ಹಾಕಿದ ಮೇಲೆಯೇ ಆಯೋಗ ನನ್ನ ಮಾತು ನಂಬಿತು.

ಆದೇಶ ನನ್ನ ಪರವಾಯಿತು. ಕಂಪನಿ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಯಿತು. ಮೇಲ್ಮನವಿ ಹಾಕುವ ಮುನ್ನ ಅರ್ಧ ಹಣ ಠೇವಣಿ ಇಡಬೇಕೆಂಬ ಕಾನೂನಿನ ಕಟ್ಟು ಒಳ್ಳೆಯದೇ. ಆದರೆ ಬೆಂಗಳೂರಿಗೆ ಆರು ಸಲ ರಾತ್ರಿ ಬಸ್ಸು ಹತ್ತಿದವನು ನಾನು, ಕಂಪನಿಯ ಪರ ಬಂದವರಿಗೆ ಕಚೇರಿ ಅದೇ ಊರಿನಲ್ಲಿತ್ತು. ಹಣ ಕೈಗೆ ಬಂದದ್ದು ಈ ವರ್ಷದ ಯುಗಾದಿಯ ಆಸುಪಾಸಿನಲ್ಲಿ.

ಕಂದಾಯ ಇಲಾಖೆಯಿಂದ ನಿವೃತ್ತನಾದವನು, ಕೊಪ್ಪಳ

ಸಿರುಗುಪ್ಪದ ಅಣ್ಣನವರಿಗೆ ಆ ಕಚೇರಿಯ ಹಿರಿಯರು ಹೇಳಿದ ‘ವರದಿ, ಆದೇಶವಲ್ಲ’ ಎಂಬ ಮಾತನ್ನು ನಾನೂ ಸೇವೆಯಲ್ಲಿದ್ದಾಗ ಎಷ್ಟೋ ಸಲ ಹೇಳಿದ್ದೇನೆ. ಈಗ ಅದರ ಇನ್ನೊಂದು ಮುಖವನ್ನು ತಿಳಿಸುತ್ತೇನೆ.

ಪಹಣಿಯ ವಿಷಯದಲ್ಲಿ ರೈತನಿಗೆ ಮೇಲ್ಮನವಿ ಇದೆ. ಮ್ಯುಟೇಷನ್, ಅಂದರೆ ಪಹಣಿಯಲ್ಲಿ ಹೆಸರು ಬದಲಿಸುವ ಆದೇಶದಿಂದ ಬಾಧಿತನಾದವನು 1964ರ ಭೂಕಂದಾಯ ಕಾಯ್ದೆಯ 136(2)ನೇ ಕಲಮಿನ ಪ್ರಕಾರ, ಆದೇಶ ತಲುಪಿದ ಅಥವಾ ನಮೂದು ತಿಳಿದ ದಿನದಿಂದ 60 ದಿನದೊಳಗೆ ಉಪವಿಭಾಗಾಧಿಕಾರಿಗಳ ಮುಂದೆ ಹೋಗಬಹುದು. ಅಲ್ಲಿಂದ ಮುಂದೆ ಜಿಲ್ಲಾಧಿಕಾರಿಗಳಿಗೆ ಪುನರ್ ಪರಿಶೀಲನೆಯ ಅಧಿಕಾರವಿದೆ. ಆದೇಶ ‘ಆದ’ ದಿನವೆನ್ನದೆ ‘ತಲುಪಿದ’ ದಿನವೆಂದಿರುವ ಆ ಒಂದು ಪದದಿಂದ ಎಷ್ಟೋ ಜನರ ಹೊಲ ಉಳಿದದ್ದನ್ನು ನಾನು ಕಂಡಿದ್ದೇನೆ. ಅದರಂತೆಯೇ ಅಂಚೆಯ ಲಕೋಟೆ ಎಸೆದು, ಯಾವ ದಿನ ತಲುಪಿತೆಂದು ತೋರಿಸಲಾಗದೆ ಮೇಜಿನ ಆಚೆ ನಿಂತು ಕಣ್ಣೀರು ಹಾಕಿದವರನ್ನೂ ಕಂಡಿದ್ದೇನೆ. ನೀವು ಬರೆಯುವ ಮನವಿಯಲ್ಲಿ ‘ಪ್ರತಿ ತಲುಪಿದ ದಿನದಿಂದ’ ಎಂಬ ಮಾತು ಇರಲೇಬೇಕು.

ಎರಡನೆಯದಾಗಿ, ಅಧಿಕಾರಿ ಏನನ್ನೂ ಬರೆದುಕೊಡದಿದ್ದರೆ ಏನು ಗತಿ? ಅದಕ್ಕೆ ಮಾದರಿ ನಮ್ಮ ರಾಜ್ಯದಲ್ಲೇ ಇದೆ. 2011ರ ಸಕಾಲ ಕಾಯ್ದೆಯಲ್ಲಿ ಗೊತ್ತುಪಡಿಸಿದ ದಿನದೊಳಗೆ ಸೇವೆ ಸಿಗದಿದ್ದರೆ, ನಿರಾಕರಣೆಯ ಪತ್ರವಿಲ್ಲದೆಯೂ ಅರ್ಜಿದಾರ ಮೇಲ್ಮನವಿ ಹಾಕಬಹುದು, ತಡವಾದ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರವನ್ನೂ ಕೇಳಬಹುದು. ಮೊತ್ತ ಚಿಕ್ಕದು, ನಗು ಬರುವಷ್ಟು ಚಿಕ್ಕದು. ಆದರೆ ಆ ಇಪ್ಪತ್ತು ರೂಪಾಯಿ ಯಾರ ಸಂಬಳದಿಂದ ಹೋಗುತ್ತದೆ ಎಂಬ ಪ್ರಶ್ನೆ ಎದ್ದ ದಿನದಿಂದ ನಮ್ಮ ಕಚೇರಿಯಲ್ಲಿ ಕಡತಗಳಿಗೆ ಕಾಲು ಬಂದಿದ್ದು ನಿಜ. ಬೆಳೆ ಪರಿಶೀಲನೆಗೂ ಹೀಗೆಯೇ ದಿನ ಕಟ್ಟಿ, ಆ ದಿನ ಮೀರಿದರೆ ದೂರು ತಿರಸ್ಕೃತವಾಯಿತೆಂದೇ ಭಾವಿಸಿ ಮೇಲ್ಮನವಿಗೆ ಅವಕಾಶ ಕೊಡಬೇಕೆಂದು ಬರೆಯಿರಿ.

2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯನ್ನೂ ಓದಿಕೊಳ್ಳಿ. ಆ ಕಾಯ್ದೆಯಡಿ ನೋಂದಾದ ತಳಿ ಹೇಳಿದಷ್ಟು ಇಳುವರಿ ಕೊಡದಿದ್ದರೆ ರೈತ ಪರಿಹಾರ ಕೇಳಬಹುದೆಂದು 39(2)ನೇ ಕಲಮಿನಲ್ಲಿದೆ. ಕೇಳಬೇಕಾದದ್ದು ದೆಹಲಿಯಲ್ಲಿರುವ ಪ್ರಾಧಿಕಾರವನ್ನು. ಕುಷ್ಟಗಿಯ ರೈತ ದೆಹಲಿಯಲ್ಲಿ ಪರಿಹಾರ ಕೇಳುವುದು ಕಾಗದದ ಮೇಲೆ ಸುಲಭ.

ಕಾರಟಗಿಯ ಭತ್ತ ಬೆಳೆಯುವ ಹೆಣ್ಣುಮಗಳು

ಶಾಸನ ಮಾಡುವವರು ಸರಿಯಾಗಿ ಚರ್ಚಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ನನ್ನದೊಂದು ಉದಾಹರಣೆಯಿದೆ. 2020ರ ಡಿಸೆಂಬರ್‌ನಲ್ಲಿ ನಮ್ಮ ಭತ್ತವನ್ನು ಕಣದಲ್ಲೇ, 75 ಕಿಲೋ ಚೀಲದ ಲೆಕ್ಕಕ್ಕೆ, ಹೊರಗಿನಿಂದ ಬಂದ ವ್ಯಾಪಾರಿಯೊಬ್ಬರು ತೂಗಿಸಿಕೊಂಡು ಹೋದರು. ಆಗ ಕೇಂದ್ರದ ಹೊಸ ಕೃಷಿ ವ್ಯಾಪಾರ ಕಾಯ್ದೆ ಜಾರಿಯಲ್ಲಿತ್ತು. ಪ್ಯಾನ್ ಕಾರ್ಡ್ ಇದ್ದವರು ಮಾರುಕಟ್ಟೆ ಪ್ರಾಂಗಣದ ಹೊರಗೆ ಕೊಳ್ಳಬಹುದಿತ್ತು, ಹಣವನ್ನು ಅಂದೇ ಅಥವಾ ಹೆಚ್ಚೆಂದರೆ ಮೂರು ಕೆಲಸದ ದಿನದೊಳಗೆ ಕೊಡಬೇಕಿತ್ತು. ಮೂರು ದಿನ ಮೂರು ವಾರವಾಯಿತು. ಆ ಕಾಯ್ದೆಯಲ್ಲಿ ದೂರು ಕೊಡಬೇಕಾದದ್ದು ಉಪವಿಭಾಗಾಧಿಕಾರಿಗೆ, ಮೇಲ್ಮನವಿ ಜಿಲ್ಲಾಧಿಕಾರಿಗೆ, ಸಿವಿಲ್ ನ್ಯಾಯಾಲಯಕ್ಕೆ ಹೋಗುವಂತೆಯೇ ಇಲ್ಲ. ಅರ್ಜಿ ಕೊಟ್ಟೆ. ರಾಜಿ ಮಂಡಳಿ ರಚನೆಯಾಗುವ ಮೊದಲೇ, 2021ರ ಜನವರಿ 12ರಂದು ಸುಪ್ರೀಂ ಕೋರ್ಟು ಕಾಯ್ದೆಗೆ ತಡೆ ಕೊಟ್ಟಿತು. ಕಚೇರಿಯವರು ಕಾಯ್ದೆಯೇ ನಿಂತಿದೆ ಎಂದರು. ವಕೀಲರು ಸಿವಿಲ್ ದಾವೆ ನಿಲ್ಲುತ್ತದೋ ಇಲ್ಲವೋ ಎಂದು ಅನುಮಾನಿಸಿದರು. ಊರ ಹಿರಿಯರು ಕೂಡಿಸಿ ಮುಕ್ಕಾಲು ಹಣಕ್ಕೆ ಮುಗಿಸಿದರು.

ಈ ಕಾಯ್ದೆಯ ಮಸೂದೆಯನ್ನೂ ಅದರ ಜೊತೆ ಬಂದ ಕೃಷಿ ಮಸೂದೆಗಳನ್ನೂ ಪರಿಶೀಲನಾ ಸಮಿತಿಗೆ ಒಪ್ಪಿಸಿ ಎಂದು ವಿರೋಧ ಪಕ್ಷಗಳು ರಾಜ್ಯಸಭೆಯಲ್ಲಿ ಕೇಳಿದ್ದವು. 2020ರ ಸೆಪ್ಟೆಂಬರ್ 20ರಂದು ಗದ್ದಲದ ನಡುವೆ ಧ್ವನಿಮತದಿಂದ ಅಂಗೀಕಾರವಾಯಿತು. ಅದೇ ಡಿಸೆಂಬರ್‌ನಲ್ಲಿ, ಸಿವಿಲ್ ನ್ಯಾಯಾಲಯದ ದಾರಿಯನ್ನು ತೆರೆಯುತ್ತೇವೆ ಎಂದು ಸರ್ಕಾರವೇ ರೈತ ಸಂಘಟನೆಗಳಿಗೆ ಬರೆದುಕೊಟ್ಟಿತು. ಮೂರು ತಿಂಗಳ ಮುಂಚೆ ಒಂದು ಸಮಿತಿ ಕುಳಿತು ಓದಿದ್ದರೆ ಸಿಗುತ್ತಿದ್ದ ದೋಷ ಅದು. 2021ರ ನವೆಂಬರ್ 29ರಂದು ಕಾಯ್ದೆಗಳನ್ನು ಹಿಂಪಡೆದಾಗಲೂ ಎರಡೂ ಸದನಗಳಲ್ಲಿ ಚರ್ಚೆ ನಡೆಯಲಿಲ್ಲ. 2004ರ ಬೀಜ ಮಸೂದೆಯಾದರೋ ಸಂಸತ್ತಿನ ಸ್ಥಾಯಿ ಸಮಿತಿಗೆ ಹೋಗಿ, ಸಮಿತಿ 2006ರಲ್ಲಿ ವರದಿ ಕೊಟ್ಟಿತ್ತು. ಆದ್ದರಿಂದ ನಿಮ್ಮ ಸಂಸದರಿಗೆ ಕೊಡುವ ಪ್ರತಿಯಲ್ಲಿ ಈ ಮಸೂದೆಯೂ ಸ್ಥಾಯಿ ಸಮಿತಿಗೆ ಹೋಗಲೆಂದು ಒತ್ತಾಯಿಸುವಂತೆ ಬರೆಯಿರಿ. ಸಮಿತಿಯಾದರೆ ಸಾರ್ವಜನಿಕರಿಂದ ಲಿಖಿತ ಅಭಿಪ್ರಾಯ ಕರೆಯುತ್ತದೆ, ನಿಮಗೆ ಇನ್ನೊಂದು ಅವಕಾಶ ಸಿಗುತ್ತದೆ.

ಮಾನ್ವಿ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದಿಂದ

ನನ್ನದು ಬೀಜದ ವಿಷಯವಲ್ಲ, ಆದರೆ ಗುಣ ಅದೇ. ಕಾಲುವೆಯಿಂದ ಅಕ್ರಮವಾಗಿ ನೀರೆತ್ತುವವರಿಗೆ ಎರಡು ವರ್ಷದವರೆಗೆ ಸೆರೆವಾಸ, 2 ಲಕ್ಷದವರೆಗೆ ದಂಡ ಎಂದು ನಮ್ಮ ವಿಧಾನಮಂಡಲ 2024ರ ಜುಲೈನಲ್ಲಿ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದಾಗ ನಾವು ಸಂತೋಷಪಟ್ಟೆವು. ದೂರು ಕೊಟ್ಟೆವು. ಅದು ಏನಾಯಿತೆಂದು ತಿಳಿಸುವ ಒಂದು ಸಾಲಿನ ಪತ್ರವೂ ಬರಲಿಲ್ಲ. ಬೀಜದ ದಂಡವೂ ಅಷ್ಟೇ: 1966ರ ಕಾಯ್ದೆಯಲ್ಲಿ ಮೊದಲ ತಪ್ಪಿಗೆ 500 ರೂಪಾಯಿ ಇದ್ದದ್ದು 2025ರ ಕರಡಿನಲ್ಲಿ 30 ಲಕ್ಷದವರೆಗೆ ಏರಿದೆ. ಆ ಹಣ ಸರ್ಕಾರದ ಖಜಾನೆಗೆ ಹೋಗುತ್ತದೆಯೇ ಹೊರತು ಹೊಲ ಕೆಟ್ಟವನ ಮನೆಗಲ್ಲ. ದಂಡದ ಚರ್ಚೆ ಒಂದೇ ಸಂಜೆಗೆ ಮುಗಿಯಿತೆಂದು ಬರೆದಿದ್ದೀರಿ, ಅದನ್ನು ಇನ್ನೊಂದು ಸಂಜೆ ಮಾಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಶರಣು. ಮೊದಲ ಪುಟಕ್ಕೆ ಅಣ್ಣನವರ ಮಾತನ್ನೇ ಇಟ್ಟಿದ್ದೇವೆ. ನಂತರ ಪ್ರತಿ ತಲುಪಿದ ದಿನ, ದಿನ ಮೀರಿದರೆ ಮೇಲ್ಮನವಿ, ಜಿಲ್ಲೆಯಲ್ಲೇ ವಿಚಾರಣೆ, ದಂಡದಲ್ಲಿ ರೈತನ ಪಾಲು. ಇನ್ನೊಂದು ಸಂದೇಹವಿದೆ. ನಮ್ಮಲ್ಲೊಬ್ಬರು ಜೂನ್‌ನಲ್ಲಿ ಹತ್ತಿ ಬೀಜ ತಂದು ಬಿತ್ತಿದ್ದು, ಅರ್ಧ ಗಿಡಗಳಲ್ಲಿ ಕಾಯಿಯೇ ನಿಂತಿಲ್ಲ. ಸೆಪ್ಟೆಂಬರ್‌ನಲ್ಲಿ ಕೊಟ್ಟ ದೂರಿಗೆ ಉತ್ತರವಿಲ್ಲ. ಹೊಲ ಗುತ್ತಿಗೆಯದು, ಪಹಣಿ ಬೇರೆಯವರ ಹೆಸರಿನಲ್ಲಿದೆ. ಅವರು ದೂರು ಕೊಡಬಹುದೇ?

ಸಿರುಗುಪ್ಪದವರ ಉತ್ತರ

ಕೊಡಬಹುದು. ಗ್ರಾಹಕರ ಆಯೋಗದಲ್ಲಿ ಮೊದಲು ನೋಡುವುದು ಬೀಜ ಕೊಂಡವರು ಯಾರು ಎಂಬುದನ್ನು, ಆದ್ದರಿಂದ ಬಿಲ್ಲು ಅವರ ಹೆಸರಿನಲ್ಲಿರಬೇಕು. ಇಲ್ಲದಿದ್ದರೆ ಅಂಗಡಿಗೆ ಹೋಗಿ ಇಂದೇ ಬರೆಸಿಕೊಳ್ಳಲಿ. ಆ ಹೊಲವನ್ನು ಈ ವರ್ಷ ಮಾಡಿದವರು ಇವರೇ ಎಂದು ಹೊಲದ ಒಡೆಯರಿಂದ ಒಂದು ಪ್ರಮಾಣಪತ್ರ ಮಾಡಿಸಿಟ್ಟುಕೊಂಡರೆ ಒಳ್ಳೆಯದು. ದೂರು ಹಾಕಲು ಎರಡು ವರ್ಷದ ಅವಧಿ ಇದೆ, ಗಾಬರಿ ಬೇಡ. ಆದರೆ ಸೆಪ್ಟೆಂಬರ್ ಅರ್ಜಿಯ ಮೇಲೆ ಏನು ಕ್ರಮವಾಯಿತೆಂದು ಮಾಹಿತಿ ಹಕ್ಕಿನ ಅರ್ಜಿಯನ್ನು ಈ ವಾರವೇ ಹಾಕಲಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಲ್ಲಿಯೂ ಮೇಲ್ಮನವಿ ಇದೆ. ಸಹಾಯಕ ಕೃಷಿ ನಿರ್ದೇಶಕರಿಗೆ ಮತ್ತೊಂದು ದೂರು ಬರೆದು ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಲಿ. ಕಡಲೆ ಬಿತ್ತುವ ಅವಸರದಲ್ಲಿ ಹತ್ತಿ ಕಟ್ಟಿಗೆಯನ್ನೆಲ್ಲ ಕಿತ್ತು ಬದುವಿಗೆ ಹಾಕದಂತೆ ಹೇಳಿ. ತಂಡ ಬಂದು ನೋಡುವ ತನಕ ನಾಲ್ಕು ಸಾಲಾದರೂ ನಿಂತಿರಲಿ.