ಡೈಲಾಗ್ ಸೀನ್‌ನಲ್ಲಿ ಪ್ರತಿ ಕಟ್ಟೂ ಎಗರುತ್ತಿದೆ, ಟ್ರಾನ್ಸಿಷನ್ ಹಾಕಿ ಮುಚ್ಚಬಹುದಾ?

ಹೊಸ ಕತ್ತರಿ:
ನಮಸ್ಕಾರ. ಒಂದು ಕಿರುಚಿತ್ರ ಎಡಿಟ್ ಮಾಡುತ್ತಿದ್ದೇನೆ. ಅಣ್ಣ ತಂಗಿ ಎದುರುಬದುರು ಊಟಕ್ಕೆ ಕೂತು ಜಮೀನು ಮಾರುವ ವಿಷಯ ಮಾತಾಡುವ ಸೀನ್. ಕ್ಯಾಮೆರಾ ಒಂದೇ. ಮೊದಲು ಇಬ್ಬರೂ ದೂರದಿಂದ ಕಾಣುವ ವೈಡ್, ಆಮೇಲೆ ಅಣ್ಣನ ಮಿಡ್ (ಸೊಂಟದಿಂದ ಮೇಲೆ), ಕೊನೆಗೆ ತಂಗಿಯ ಮಿಡ್ ತೆಗೆದಿದ್ದಾರೆ. ಜೋಡಿಸಿದರೆ ಪ್ರತಿ ಕಟ್‌ನಲ್ಲೂ ಏನೋ ಎಗರಿದ ಹಾಗೆ. ಎಲ್ಲ ಕಡೆ ಕ್ರಾಸ್ ಡಿಸಾಲ್ವ್ (ಒಂದು ಚಿತ್ರ ಕರಗುತ್ತಾ ಇನ್ನೊಂದು ಮೂಡುವುದು) ಹಾಕಿ ನೋಡಿದೆ, ನಿರ್ದೇಶಕರು "ಏನ್ರೀ ಇದು, ಮದುವೆ ವಿಡಿಯೋ ತರ ಇದೆ" ಅಂದರು. ವಿಪ್ ಪ್ಯಾನ್ (ಕ್ಯಾಮೆರಾ ಸರ್ರನೆ ತಿರುಗಿದ ಹಾಗೆ), ಜೂಮ್ ಟ್ರಾನ್ಸಿಷನ್‌ಗಳ ಪ್ಯಾಕ್ ಒಂದಿದೆ. ಯಾವುದು ಹಾಕಲಿ? ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್, ಫ್ರೀ ವರ್ಷನ್. ಶೂಟ್ 4ಕೆ, ಟೈಮ್‌ಲೈನ್ 1080.

ಹಳೇ ಎಡಿಟರ್:
ಯಾವುದೂ ಬೇಡ. ಡಿಸಾಲ್ವ್ ಕಂಡರೆ ನೋಡುವವರು ಸ್ವಲ್ಪ ಹೊತ್ತು ಕಳೆಯಿತು ಅಂದುಕೊಳ್ಳುತ್ತಾರೆ. ಅಣ್ಣ ಕೇಳಿದ ಪ್ರಶ್ನೆಗೆ ತಂಗಿ ಅರ್ಧ ಗಂಟೆ ಬಿಟ್ಟು ಉತ್ತರ ಕೊಟ್ಟ ಹಾಗೆ ಆಗುತ್ತದೆ, ಅಲ್ವಾ? ಆ ಪ್ಯಾಕ್ ರೀಲ್ಸ್‌ಗೆ ಇಟ್ಕೊಳ್ಳಿ.

ಕ್ಯಾಮೆರಾ ಹಿಂದಿನವ:
ಇದು ಕಟ್‌ನ ತೊಂದರೆ ಅಲ್ಲ ಅನಿಸುತ್ತದೆ. ಮಿಡ್ ಶಾಟ್‌ಗಳಲ್ಲಿ ಅಣ್ಣ ಯಾವ ಕಡೆ ನೋಡುತ್ತಾನೆ, ತಂಗಿ ಯಾವ ಕಡೆ?

ಹೊಸ ಕತ್ತರಿ:
ಈಗ ತೆಗೆದು ನೋಡಿದೆ, ಇಬ್ಬರೂ ಫ್ರೇಮಿನ ಬಲಕ್ಕೇ ನೋಡುತ್ತಾರೆ! ರೀಶೂಟ್ ಆಗಲ್ಲ ಸಾರ್, ಆ ಮನೆ ಈಗ ಖಾಲಿ.

ಕ್ಯಾಮೆರಾ ಹಿಂದಿನವ:
ಹಾಗಾದರೆ ಗೆರೆ ದಾಟಿದ್ದಾರೆ. ಮಾತಾಡುವ ಇಬ್ಬರ ನಡುವೆ ಒಂದು ಗೆರೆ ಇದೆ ಅಂದುಕೊಂಡು ಅದರ ಒಂದೇ ಬದಿಯಲ್ಲಿ ಕ್ಯಾಮೆರಾ ಇಟ್ಟರೆ ಒಬ್ಬರು ಬಲಕ್ಕೆ, ಇನ್ನೊಬ್ಬರು ಎಡಕ್ಕೆ ನೋಡುತ್ತಾರೆ. ಇಲ್ಲಿ ಇಬ್ಬರೂ ಮೂರನೆಯವರ ಜೊತೆ ಮಾತಾಡುವ ಹಾಗೆ ಕಾಣುತ್ತದೆ. ತಂಗಿಯ ಶಾಟ್ ಫ್ಲಿಪ್ ಮಾಡಬಹುದು (ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಅದಲುಬದಲು), ಆದರೆ ಅವಳು ಸೀರೆ ಉಟ್ಟಿದ್ದರೆ ಸೆರಗು ಬಲ ಭುಜಕ್ಕೆ ಬರುತ್ತದೆ, ಬಲಗೈಯಲ್ಲಿ ಕಲಸಿದ ಅನ್ನ ಎಡಗೈಗೆ ಹೋಗುತ್ತದೆ, ಹಿಂದೆ ಕ್ಯಾಲೆಂಡರ್ ಇದ್ದರಂತೂ ಮುಗಿಯಿತು. ಅದಕ್ಕಿಂತ ನಡುವೆ ತಟ್ಟೆಯ ಒಂದು ಕ್ಲೋಸಪ್ ಹಾಕಿ. ಕಣ್ಣಿಗೆ ದಿಕ್ಕು ಮರೆಯುತ್ತದೆ. ತಟ್ಟೆ, ಕೈ ಯಾವ ಮನೆಯಲ್ಲಾದರೂ ತೆಗೆಯಬಹುದು, ಬೆಳಕು ಒಂದೇ ಕಡೆಯಿಂದ ಬರಲಿ ಅಷ್ಟೇ. ವೈಡ್‌ನಿಂದ ಅದೇ ಕೋನದ ಮಿಡ್‌ಗೆ ಹೋಗುವಾಗಲೂ ಎಗರುತ್ತದೆ. ಕೋನ ಸುಮಾರು 30 ಡಿಗ್ರಿಯಾದರೂ ಬದಲಾಗಬೇಕು, ಇಲ್ಲವೇ ಫ್ರೇಮಿನಲ್ಲಿ ಆಳು ಕಾಣುವ ಅಳತೆಯಲ್ಲಿ ದೊಡ್ಡ ವ್ಯತ್ಯಾಸ ಬೇಕು. 4ಕೆ ಇದೆಯಲ್ಲ, ಅಗಲ ಎತ್ತರ ಎರಡರಲ್ಲೂ 1080ರ ದುಪ್ಪಟ್ಟು, ಹಾಗಾಗಿ 1080ರಲ್ಲಿ ಎರಡು ಪಟ್ಟು ಕ್ರಾಪ್ ಮಾಡಿದರೂ ಕೆಡಲ್ಲ, ಮಿಡ್ ಅನ್ನು ಕ್ಲೋಸಪ್ ಮಾಡಿಕೊಳ್ಳಿ.

ಕಿವಿ ಮೊದಲು:
ಗೆರೆಗೆ ಇಷ್ಟು ಹೆದರಬೇಕಾ? ಹಾಲಿವುಡ್ ಎಡಿಟರ್ ವಾಲ್ಟರ್ ಮರ್ಚ್ ಒಳ್ಳೆಯ ಕಟ್‌ಗೆ ಆರು ಅಂಶ ಪಟ್ಟಿ ಮಾಡಿ ಭಾವಕ್ಕೆ 51, ಕಥೆಗೆ 23, ಲಯಕ್ಕೆ 10 ಪರ್ಸೆಂಟ್ ಕೊಟ್ಟಿದ್ದಾರೆ. ಗೆರೆ ಗಿರೆಯ ಅಂಶಕ್ಕೆ ಬರೀ 5. ಭಾವ ಸರಿ ಇದ್ದರೆ ಜನ ಗೆರೆ ನೋಡಲ್ಲ.

ನೀವು ಬಹುಶಃ ಯಾರು ಮಾತಾಡುತ್ತಾರೋ ಅವರ ಮುಖ, ಮಾತು ಮುಗಿದ ತಕ್ಷಣ ಕಟ್, ಹೀಗೆ ಮಾಡಿದ್ದೀರಿ. ಚಿತ್ರ ಮತ್ತು ಮಾತು ಒಂದೇ ಜಾಗದಲ್ಲಿ ತುಂಡಾದರೆ ಕಟ್ ಎದ್ದು ಕಾಣುತ್ತದೆ. ಆಲ್ಟ್ ಕೀ ಹಿಡಿದು ಆಡಿಯೋ ಅಂಚು ಮಾತ್ರ ಎಳೆಯಿರಿ. ಅಣ್ಣ "ಮಾರೋಣ" ಅನ್ನುವಾಗಲೇ ತಂಗಿಯ ಮುಖ ತೋರಿಸಿ, ಅವನ ಮಾತು ಅವಳ ಮುಖದ ಮೇಲೆ ಮುಗಿಯಲಿ. ಇದೇ ಎಲ್ ಕಟ್. ಉತ್ತರ ಮೊದಲು ಕೇಳಿಸಿ ಮುಖ ಆಮೇಲೆ ಬಂದರೆ ಜೆ ಕಟ್. ಅವಳು ಸುಮ್ನೆ ಕೂತಿರುವ ತುಣುಕು ಟೇಕ್‌ನ ಮೊದಲಲ್ಲೋ ಕೊನೆಯಲ್ಲೋ ಸಿಗುತ್ತದೆ, ಹುಡುಕಿ. ನಟಿಸದೇ ಇರುವ ಮುಖವಾದರೂ ಪರವಾಗಿಲ್ಲ. ರಷ್ಯಾದ ಲೆವ್ ಕುಲೆಶೋವ್ ನೂರು ವರ್ಷದ ಹಿಂದೆಯೇ ಒಬ್ಬ ನಟನ ಒಂದೇ ಮುಖದ ಪಕ್ಕ ಸೂಪಿನ ಬಟ್ಟಲು, ಶವಪೆಟ್ಟಿಗೆ ಇಂಥವನ್ನೆಲ್ಲ ಜೋಡಿಸಿದ, ಹಸಿವು ದುಃಖ ಎಲ್ಲ ನೋಡಿದವರೇ ತುಂಬಿಕೊಂಡರಂತೆ. ಮತ್ತೆ "ಆ್ಯಕ್ಷನ್" ಅನ್ನುವ ಮುಂಚಿನ ರೂಮ್ ಸದ್ದು ತೆಗೆದು ಸೀನ್ ಪೂರ್ತಿ ಕೆಳಗೆ ಹಾಸಿ. ಅರ್ಧ ಎಗರಾಟ ಅಲ್ಲೇ ನಿಲ್ಲುತ್ತದೆ.

ಕ್ಯಾಮೆರಾ ಹಿಂದಿನವ:
5 ಅಂದರೆ ಸೊನ್ನೆ ಅಲ್ಲ ಗುರು. ಬೇರೆ ದಾರಿ ಇಲ್ಲದಿದ್ದರೆ ಗೆರೆ ಬಿಟ್ಟುಕೊಡಬಹುದು ಅಂತ ಮರ್ಚ್ ಅಂದರು, ಶುರುವಿನಲ್ಲೇ ಕೈ ಬಿಡಿ ಅಂದಿಲ್ಲ.

ಹೊಸ ಕತ್ತರಿ:
ಎಲ್ಲರಿಗೂ ಥ್ಯಾಂಕ್ಸ್. ತಟ್ಟೆಯ ಶಾಟ್ ನಾಳೆ ನಮ್ಮ ಮನೆಯಲ್ಲೇ ತೆಗೆಯುತ್ತೇನೆ. ಮುಂದಿನ ಸೀನ್ ಮಾರನೇ ದಿನ, ಗದ್ದೆಯಲ್ಲಿ. ಅಲ್ಲಾದರೂ ಡಿಸಾಲ್ವ್ ಹಾಕಲಾ?

ಹಳೇ ಎಡಿಟರ್:
ಅಲ್ಲಿ ಹಾಕಿದರೆ ತಪ್ಪಿಲ್ಲ, ನಾನಾದರೆ ಅಲ್ಲೂ ಕಟ್ಟೇ. ಊಟದ ಸೀನ್ ಮುಗಿಯುವ ಮುಂಚೆಯೇ ಗದ್ದೆಯ ಟ್ರ್ಯಾಕ್ಟರ್ ಸದ್ದು ಶುರು ಮಾಡಿ ನೋಡಿ. ಎರಡೂ ಎಕ್ಸ್‌ಪೋರ್ಟ್ ಮಾಡಿ ನಿರ್ದೇಶಕರಿಗೆ ತೋರಿಸಿ, ಯಾವುದು ನಿಮಗಿಷ್ಟ ಅಂತ ಮೊದಲೇ ಬಾಯಿ ಬಿಡಬೇಡಿ.