ಸ್ಟುಡಿಬೇಕರ್ ‘ವ್ಯಾಗನ್’ಗೆ ಕನ್ನಡದಲ್ಲಿ ಏನನ್ನೋಣ? (ಸ್ವಲ್ಪ ಅರ್ಜೆಂಟು)

ಗೆಳೆಯರೇ,
ಅಮೆರಿಕದ ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ಊರಿನ ಸ್ಟುಡಿಬೇಕರ್ ಕಂಪನಿ ಬಗ್ಗೆ ಒಂದು ಲೇಖನ ಅನುವಾದಿಸುತ್ತಿದ್ದೇನೆ. ನಾಳೆ ಬೆಳಗ್ಗೆ ಕೊಡಬೇಕು. 1852ರಲ್ಲಿ ಹೆನ್ರಿ, ಕ್ಲೆಮೆಂಟ್ ಎಂಬ ಅಣ್ಣತಮ್ಮಂದಿರು ಅಲ್ಲಿ ಕುಲುಮೆ ಹಾಕಿದರು. ಆಮೇಲೆ ಹೆಸರು ಮಾಡಿದ್ದು ನಾಲ್ಕು ಚಕ್ರದ, ಕುದುರೆ ಎಳೆಯುವ, ಸಾಮಾನಿನ ವ್ಯಾಗನ್‌ಗಳಿಂದ. ‘ವ್ಯಾಗನ್’ ಅಂತಲೇ ಬಿಟ್ಟರೆ ನಮ್ಮವರ ಕಣ್ಣಿಗೆ ಗೂಡ್ಸ್ ರೈಲು ಬರುತ್ತದೆ. ‘ಸಾರೋಟು’ ಅಂದರೆ ದೊರೆಗಳು ಕೂತು ಹೋಗುವಂಥದ್ದು.

ಇನ್ನೊಂದು ಪದವೂ ಬೇಕು. ಅವರ ತಮ್ಮ ಜಾನ್ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಅಗೆಯುವವರಿಗೆ ಮಣ್ಣು ಹೊರುವ ಒಂದೇ ಚಕ್ರದ ಗಾಡಿ ಮಾಡಿ ಮಾರಿದ. 1858ರಲ್ಲಿ 8,000 ಡಾಲರ್ ಕೂಡಿಸಿಕೊಂಡು ವಾಪಸ್ ಬಂದು ಹೆನ್ರಿಯ ಪಾಲು ಕೊಂಡ. ಆ ಒಂದೇ ಚಕ್ರದ ಗಾಡಿಯನ್ನು ‘ತಳ್ಳುಗಾಡಿ’ ಅಂದರೆ ತರಕಾರಿ ಗಾಡಿ ಆಗಿಬಿಡುತ್ತದೆ, ಅಲ್ವಾ?

-----
ಮರು:
ಬಂಡಿ. ಇದರಲ್ಲಿ ಚರ್ಚೆ ಏನಿದೆ? ಗಾಡಿ ಉತ್ತರದಿಂದ ಬಂದದ್ದು. ಸಾರೋಟು ಇಂಗ್ಲಿಷಿನ ‘ಚಾರಿಯಟ್’. ಬಂಡಿ ವಚನಗಳಲ್ಲೇ ಇದೆ, ಅದರ ಚಕ್ರ ಕಳಚದಂತೆ ಹಿಡಿಯುವ ಕಡೆಗೀಲೂ ಇದೆ. ರೈಲು ಬಂದಾಗ ಉಗಿಬಂಡಿ ಅಂದವರು ನಾವು. ಕುದುರೆ ಕಟ್ಟಿದರೆ ಕುದುರೆಬಂಡಿ. ಒಂದು ಚಕ್ರದ್ದು ಒಂಟಿಗಾಲಿ ಬಂಡಿ. ಮುಗಿಯಿತು.

-----
ಮರು: ಮರು:
> ಮುಗಿಯಿತು.

ಮುಗಿದಿಲ್ಲ ಸರ್. ನಮ್ಮೂರ ಕುಲುಮೆ ಮುಂದೆ ಚಕ್ರಕ್ಕೆ ಹಳಿ, ಅಂದರೆ ಕಬ್ಬಿಣದ ಪಟ್ಟಿ, ಹಾಕುವುದನ್ನು ಚಿಕ್ಕಂದಿನಲ್ಲಿ ನೋಡುತ್ತಾ ನಿಂತಿದ್ದೇನೆ. ಬೆರಣಿ ಬೆಂಕಿಯಲ್ಲಿ ಹಳಿ ಕೆಂಪಗೆ ಕಾಯಬೇಕು. ಇಬ್ಬರು ಇಕ್ಕಳದಲ್ಲಿ ಎತ್ತಿ ಮರದ ಚಕ್ರದ ಮೇಲೆ ಕೂರಿಸುತ್ತಾರೆ. ನೀರು ಹುಯ್ದರೆ ಚೊಂಯ್ ಅಂತ ಹೊಗೆ. ಕಬ್ಬಿಣ ಕುಗ್ಗಿ ಮರವೆಲ್ಲ ಬಿಗಿಯಾಗುತ್ತದೆ. ಆ ಕಮ್ಮಾರ ಅದನ್ನು ‘ಗಾಡಿ ಚಕ್ರ’ ಅಂತಲೇ ಕರೆಯುತ್ತಿದ್ದ. ಅವನದು ಕನ್ನಡ ಅಲ್ಲವೇ?

ಇನ್ನೊಂದು ಮಾತು. ಇದೇ ಕಂಪನಿ 1902ರಲ್ಲಿ ಬ್ಯಾಟರಿ ಕಾರು ಮಾಡಿತು, 1904ರಲ್ಲಿ ಪೆಟ್ರೋಲ್ ಕಾರು. ಸೌತ್ ಬೆಂಡಿನಲ್ಲಿ ಕಾರು ಮಾಡುವುದು ನಿಂತದ್ದು 1963ರ ಡಿಸೆಂಬರಿನಲ್ಲಿ. ಕುದುರೆಯದಕ್ಕೂ ಕಾರಿಗೂ ಒಂದೇ ಪದ ಇಂದು ಜನರ ಬಾಯಲ್ಲಿ ಇದ್ದರೆ ಅದು ಗಾಡಿ. ಕಾರು ನಿಲ್ಲಿಸಿ ‘ಬಂಡಿ ನಿಲ್ಲಿಸಿದೆ’ ಅಂತ ನಮ್ಮ ಕಡೆ ಯಾರೂ ಅನ್ನುವುದಿಲ್ಲ.

-----
ಮರು: ಮರು: ಮರು:
ನಿಮ್ಮ ಕಡೆ ಅನ್ನದಿದ್ದರೆ ಅದು ಬಂಡಿಯ ತಪ್ಪಲ್ಲ. ರೂಢಿ ರೂಢಿ ಅಂತ ಬಿಟ್ಟುಕೊಟ್ಟೇ ನೊಗ, ಮೂಕಿ, ಅಚ್ಚು ಎಂಬ ಬಂಡಿಯ ಭಾಗಗಳೇ ಮಕ್ಕಳಿಗೆ ಗೊತ್ತಿಲ್ಲದ ಹಾಗಾಯಿತು. ಎರವಲು ತರುವುದಕ್ಕೆ ನನ್ನ ತಕರಾರಿಲ್ಲ. ಮನೆಯಲ್ಲಿ ಇರುವಾಗ ಯಾಕೆ ತರಬೇಕು?

-----
ಮರು: ಮರು: ಮರು: ಮರು:
ಇಬ್ಬರಿಗೂ ಥ್ಯಾಂಕ್ಸ್. ಕಾರಿನ ಕಥೆಯೂ ಇರುವುದರಿಂದ ‘ಗಾಡಿ’ ಇಟ್ಟುಕೊಳ್ಳುತ್ತೇನೆ. ಮೊದಲ ಸಲ ‘ನಾಲ್ಕು ಚಕ್ರದ ಕುದುರೆ ಗಾಡಿ’, ಆಮೇಲೆ ಬರೀ ಗಾಡಿ. ಜಾನ್ ಮಾಡಿದ್ದು ‘ಒಂಟಿಗಾಲಿ ಬಂಡಿ’. ಅದು ನಿಜಕ್ಕೂ ಚೆನ್ನಾಗಿದೆ ಸರ್. ಅಮೆರಿಕದ ಅಧ್ಯಕ್ಷ ಲಿಂಕನ್ ಗುಂಡೇಟು ತಿಂದ ರಾತ್ರಿ ನಾಟಕಕ್ಕೆ ಹೋದ ವಾಹನವೂ ಸೌತ್ ಬೆಂಡಿನ ಮ್ಯೂಸಿಯಂನಲ್ಲಿದೆ. ಅದಕ್ಕೆ ಮಾತ್ರ ‘ಸಾರೋಟು’.